ಸಿವಿಲ್ ಇಂಜಿನಿಯರುಗಳ ಸಂಘದ ಪಾತ್ರ: ಗ್ರಾಮೀಣ ಧಾರವಾಡ ಜಿಲ್ಲೆಯ ಕಟ್ಟಡ ಪರವಾನಿಗೆ ಅರ್ಜಿದಾರರ ಮಾಹಿತಿಗಾಗಿ

1. ಪೀಠಿಕೆ

ಧಾರವಾಡ ಜಿಲ್ಲೆಯ ನವಲಗುಂದ, ಕುಂದಗೋಳ, ಕಲಘಟಗಿ ಮತ್ತು ಅಣ್ಣಿಗೇರಿ ತಾಲ್ಲೂಕುಗಳಲ್ಲಿ ಮನೆ, ಅಂಗಡಿ, ಗೋದಾಮು ಅಥವಾ ಇತರ ಕಟ್ಟಡ ನಿರ್ಮಿಸಲು ಇಚ್ಛಿಸುವ ಸಾರ್ವಜನಿಕರು ಸ್ಥಳೀಯ ಸಂಸ್ಥೆಯಿಂದ ಪೂರ್ವಭಾವಿಯಾಗಿ ಪರವಾನಿಗೆ ಪಡೆಯತಕ್ಕದ್ದು. ಅರ್ಜಿಯೊಂದಿಗೆ ಸಲ್ಲಿಸುವ ನಕ್ಷೆಯನ್ನು ಅರ್ಹ ಸಿವಿಲ್ ಇಂಜಿನಿಯರ್ ಅಥವಾ ವಾಸ್ತುಶಿಲ್ಪಿಯಿಂದ ತಯಾರಿಸಬೇಕಾಗಿರುವುದರಿಂದ, ಇಂಜಿನಿಯರುಗಳ ವೃತ್ತಿ ಸಂಘದ ಹೆಸರು ಅರ್ಜಿದಾರರ ಕಿವಿಗೆ ಬೀಳುವುದು ಸಹಜ. ಸಂಘದ ಮೊಹರು ಇದ್ದರೆ ನಕ್ಷೆ ಮಂಜೂರಾದಂತೆಯೇ ಎಂದು ಕೆಲವರು ಭಾವಿಸುತ್ತಾರೆ. ಸಂಘಕ್ಕೂ ಅರ್ಜಿದಾರರಿಗೂ ಯಾವ ಸಂಬಂಧವೂ ಇಲ್ಲವೆಂದು ಮತ್ತೆ ಕೆಲವರು ತಿಳಿದಿರುತ್ತಾರೆ. ಈ ಎರಡೂ ತಿಳಿವಳಿಕೆಗಳು ಸರಿಯಲ್ಲ.

ಸಂಘವು ಏನು ಮಾಡುತ್ತದೆ, ಏನು ಮಾಡಲಾರದು, ಅದರಿಂದ ಅರ್ಜಿದಾರರು ಯಾವ ಸಹಾಯ ಪಡೆಯಬಹುದು ಹಾಗೂ ಯಾವ ಜವಾಬ್ದಾರಿ ಇಂಜಿನಿಯರ್ ಮತ್ತು ಮಾಲೀಕರ ಮೇಲೆಯೇ ಉಳಿಯುತ್ತದೆ ಎಂಬುದನ್ನು ಈ ಪುಟದಲ್ಲಿ ವಿವರಿಸಲಾಗಿದೆ. 2019ರ ಮಾರ್ಚ್ 19ರಂದು ಧಾರವಾಡ ನಗರದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದಲ್ಲಿದ್ದ ಬಹುಮಹಡಿ ಕಟ್ಟಡ ಕುಸಿದು ಹಲವರು ಪ್ರಾಣ ಕಳೆದುಕೊಂಡದ್ದು ಜಿಲ್ಲೆಯ ಜನರ ನೆನಪಿನಿಂದ ಮಾಸಿಲ್ಲ. ಕಟ್ಟಡದ ಭದ್ರತೆಯು ಕಾಗದಪತ್ರಕ್ಕೆ ಸೀಮಿತವಾದ ವಿಷಯವಲ್ಲ ಎಂಬುದನ್ನು ಅರ್ಜಿದಾರರು ಆರಂಭದಲ್ಲಿಯೇ ಮನಗಾಣುವುದು ಅವಶ್ಯ.

2. ವೃತ್ತಿ ಸಂಘಗಳ ಸ್ವರೂಪ

ಸಿವಿಲ್ ಇಂಜಿನಿಯರುಗಳ ಸಂಘಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು.

(ಅ) ರಾಷ್ಟ್ರಮಟ್ಟದ ಸಂಸ್ಥೆ: ದಿ ಇನ್ಸ್ಟಿಟ್ಯೂಷನ್ ಆಫ್ ಇಂಜಿನಿಯರ್ಸ್ (ಇಂಡಿಯಾ) ಎಂಬ ಸಂಸ್ಥೆಯು 1920ರಲ್ಲಿ ಸ್ಥಾಪನೆಗೊಂಡು 1935ರಲ್ಲಿ ರಾಜಸನ್ನದು ಪಡೆಯಿತು. ಇದರ ಕೇಂದ್ರ ಕಚೇರಿ ಕೋಲ್ಕತ್ತದಲ್ಲಿದೆ. ಕರ್ನಾಟಕ ರಾಜ್ಯ ಕೇಂದ್ರವು ಬೆಂಗಳೂರಿನಲ್ಲಿದ್ದು, ಧಾರವಾಡದಲ್ಲಿ ಸ್ಥಳೀಯ ಕೇಂದ್ರವಿದೆ. ಸಿವಿಲ್ ಅಲ್ಲದೆ ಇತರ ಶಾಖೆಗಳ ಇಂಜಿನಿಯರುಗಳೂ ಇದರ ಸದಸ್ಯರಾಗಿರುತ್ತಾರೆ. ನಿಗದಿತ ವಿದ್ಯಾರ್ಹತೆ ಹಾಗೂ ಅನುಭವವುಳ್ಳ ಸದಸ್ಯರಿಗೆ ಸಂಸ್ಥೆಯು ಚಾರ್ಟರ್ಡ್ ಇಂಜಿನಿಯರ್ ಎಂಬ ಪ್ರಮಾಣಪತ್ರ ನೀಡುತ್ತದೆ.

(ಆ) ಸಲಹಾ ವೃತ್ತಿಯವರ ಸಂಸ್ಥೆ: ಅಸೋಸಿಯೇಷನ್ ಆಫ್ ಕನ್ಸಲ್ಟಿಂಗ್ ಸಿವಿಲ್ ಇಂಜಿನಿಯರ್ಸ್ (ಇಂಡಿಯಾ) ಸಂಸ್ಥೆಯು 1985ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ನಕ್ಷೆ, ವಿನ್ಯಾಸ ಮತ್ತು ಮೇಲ್ವಿಚಾರಣೆಯನ್ನೇ ವೃತ್ತಿಯಾಗಿಸಿಕೊಂಡ ಸಿವಿಲ್ ಇಂಜಿನಿಯರುಗಳು ಇದರ ಸದಸ್ಯರಾಗಿದ್ದು, ವಿವಿಧ ನಗರಗಳಲ್ಲಿ ಇದರ ಕೇಂದ್ರಗಳು ಕಾರ್ಯನಿರ್ವಹಿಸುತ್ತವೆ.

(ಇ) ನಗರ ಅಥವಾ ತಾಲ್ಲೂಕು ಮಟ್ಟದ ಸಂಘ: ಒಂದು ಊರಿನಲ್ಲಿ ವೃತ್ತಿ ನಡೆಸುವ ಇಂಜಿನಿಯರುಗಳು ಒಟ್ಟುಗೂಡಿ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಅಡಿಯಲ್ಲಿ ಸಂಘವನ್ನು ನೋಂದಾಯಿಸಿಕೊಳ್ಳಬಹುದು. ಇಂತಹ ಸಂಘದ ಉದ್ದೇಶ, ಸದಸ್ಯತ್ವದ ಅರ್ಹತೆ ಮತ್ತು ಶಿಸ್ತುಕ್ರಮಗಳು ಅದರ ಬೈಲಾದಲ್ಲಿ ನಮೂದಾಗಿರುತ್ತವೆ. ಸಂಘದ ನೋಂದಣಿಯ ಬಗ್ಗೆ ಜಿಲ್ಲಾ ಸಂಘಗಳ ನೋಂದಣಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಬಹುದು.

ನಾಲ್ಕು ತಾಲ್ಲೂಕುಗಳ ಅರ್ಜಿದಾರರು ವಿನ್ಯಾಸಕಾರರು, ಪ್ರಯೋಗಾಲಯ ಮತ್ತು ಸಂಘದ ಕಚೇರಿಗಾಗಿ ಬಹುತೇಕ ಹುಬ್ಬಳ್ಳಿ-ಧಾರವಾಡವನ್ನೇ ಅವಲಂಬಿಸಬೇಕಾಗುತ್ತದೆ. 1947ರಲ್ಲಿ ಸ್ಥಾಪನೆಯಾದ ಹುಬ್ಬಳ್ಳಿಯ ಬಿ.ವಿ. ಭೂಮರಡ್ಡಿ ಇಂಜಿನಿಯರಿಂಗ್ ಕಾಲೇಜು (2015ರಿಂದ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯ) ಮತ್ತು 1979ರಲ್ಲಿ ಆರಂಭವಾದ ಧಾರವಾಡದ ಎಸ್.ಡಿ.ಎಂ. ಇಂಜಿನಿಯರಿಂಗ್ ಕಾಲೇಜು ಈ ಭಾಗದಲ್ಲಿ ಸಿವಿಲ್ ಇಂಜಿನಿಯರಿಂಗ್ ಶಿಕ್ಷಣದ ಪ್ರಮುಖ ಕೇಂದ್ರಗಳಾಗಿವೆ.

3. ಸದಸ್ಯತ್ವ ಬೇರೆ, ಲೈಸೆನ್ಸ್ ಬೇರೆ

ಸಂಘದ ಸದಸ್ಯತ್ವವು ಇಂಜಿನಿಯರ್ ಸ್ವಇಚ್ಛೆಯಿಂದ ಪಡೆಯುವಂತಹುದು. ನಿರ್ದಿಷ್ಟ ವಿದ್ಯಾರ್ಹತೆ ಇರುವುದನ್ನು ಸಂಘವು ಪರಿಶೀಲಿಸಿದೆ ಮತ್ತು ಸದಸ್ಯರು ಸಂಘದ ವೃತ್ತಿನೀತಿಗೆ ಒಪ್ಪಿದ್ದಾರೆ ಎಂಬುದನ್ನಷ್ಟೇ ಅದು ಸೂಚಿಸುತ್ತದೆ. ಸಾರ್ವಜನಿಕರ ಪರವಾಗಿ ನಕ್ಷೆಗೆ ಸಹಿ ಮಾಡಿ ಸ್ಥಳೀಯ ಸಂಸ್ಥೆಗೆ ಸಲ್ಲಿಸುವ ಅಧಿಕಾರವು, ಅನ್ವಯವಾಗುವ ಕಟ್ಟಡ ಉಪವಿಧಿಗಳ ಪ್ರಕಾರ ಸಕ್ಷಮ ಪ್ರಾಧಿಕಾರದಲ್ಲಿ ನೋಂದಾಯಿಸಿಕೊಂಡು ಪಡೆದ ಲೈಸೆನ್ಸಿನಿಂದ ಬರುತ್ತದೆ. ಸದರಿ ಲೈಸೆನ್ಸಿಗೆ ಅವಧಿ ಇರುತ್ತದೆ, ಕಾಲಕಾಲಕ್ಕೆ ನವೀಕರಿಸಬೇಕಾಗುತ್ತದೆ. ಪದವೀಧರರು, ಡಿಪ್ಲೊಮಾ ಪಡೆದವರು ಮತ್ತು ಸ್ಟ್ರಕ್ಚರಲ್ ವಿನ್ಯಾಸಕಾರರು ಯಾವ ಗಾತ್ರದ ಕಟ್ಟಡಕ್ಕೆ ಸಹಿ ಮಾಡಬಹುದು ಎಂಬ ಮಿತಿಯೂ ಇರುತ್ತದೆ.

ಆದಕಾರಣ ಸಂಘದ ಗುರುತಿನ ಚೀಟಿ ತೋರಿಸಿದ ಮಾತ್ರಕ್ಕೆ ಸದರಿಯವರು ಸಲ್ಲಿಸಿದ ನಕ್ಷೆ ಸ್ವೀಕಾರವಾಗುತ್ತದೆ ಎಂದು ಭಾವಿಸತಕ್ಕದ್ದಲ್ಲ. ಅದೇ ರೀತಿ, ಲೈಸೆನ್ಸ್ ಹೊಂದಿದ ಇಂಜಿನಿಯರ್ ಯಾವುದೇ ಸಂಘದ ಸದಸ್ಯರಲ್ಲ ಎಂಬ ಒಂದೇ ಕಾರಣಕ್ಕೆ ಅರ್ಜಿದಾರರು ಅವರನ್ನು ಅನರ್ಹರೆಂದು ಪರಿಗಣಿಸಬೇಕಾಗಿಲ್ಲ. ವಾಸ್ತುಶಿಲ್ಪಿಗಳ ವಿಷಯದಲ್ಲಿ ವ್ಯವಸ್ಥೆ ಬೇರೆಯಾಗಿದ್ದು, ಅವರು ವಾಸ್ತುಶಿಲ್ಪಿಗಳ ಅಧಿನಿಯಮ, 1972ರ ಅಡಿಯ ಮಂಡಳಿಯಲ್ಲಿ ನೋಂದಾಯಿಸಿರಬೇಕು.

4. ಸಂಘವು ನಿರ್ವಹಿಸುವ ಕಾರ್ಯಗಳು

ವೃತ್ತಿ ಸಂಘದಿಂದ ಸಮಾಜಕ್ಕೆ ದೊರೆಯುವ ಮುಖ್ಯ ಪ್ರಯೋಜನಗಳು ಈ ಕೆಳಕಂಡಂತಿವೆ.

ಜ್ಞಾನದ ನವೀಕರಣ: ಭಾರತೀಯ ಮಾನಕ ಸಂಹಿತೆಗಳು ಕಾಲಕಾಲಕ್ಕೆ ಪರಿಷ್ಕೃತವಾಗುತ್ತವೆ. ಇಪ್ಪತ್ತು ವರ್ಷಗಳ ಹಿಂದೆ ಪದವಿ ಪಡೆದ ಇಂಜಿನಿಯರ್ ಪರಿಷ್ಕರಣೆಗಳನ್ನು ತಿಳಿಯದಿದ್ದಲ್ಲಿ ಅದರ ಪರಿಣಾಮ ಅರ್ಜಿದಾರರ ಕಟ್ಟಡದ ಮೇಲಾಗುತ್ತದೆ. ಉಪನ್ಯಾಸ, ಕಾರ್ಯಾಗಾರ ಮತ್ತು ಕ್ಷೇತ್ರ ಭೇಟಿಗಳ ಮೂಲಕ ಸಂಘವು ಈ ಕೊರತೆಯನ್ನು ನೀಗಿಸುತ್ತದೆ. ಸರ್ ಎಂ. ವಿಶ್ವೇಶ್ವರಯ್ಯನವರ ಜನ್ಮದಿನವಾದ ಸೆಪ್ಟೆಂಬರ್ 15ರಂದು ಆಚರಿಸಲಾಗುವ ಇಂಜಿನಿಯರುಗಳ ದಿನದ ಕಾರ್ಯಕ್ರಮಗಳು ಸಾಮಾನ್ಯವಾಗಿ ಸಾರ್ವಜನಿಕರಿಗೂ ಮುಕ್ತವಾಗಿರುತ್ತವೆ.

ವೃತ್ತಿನೀತಿ: ಪರಿಶೀಲಿಸದ ನಕ್ಷೆಗೆ ಸಹಿ ಮಾಡಬಾರದು, ಸಾಮಗ್ರಿ ಮಾರಾಟಗಾರರಿಂದ ಕಮಿಷನ್ ಪಡೆಯಬಾರದು, ತಮ್ಮ ಅರ್ಹತೆ ಮೀರಿದ ಕೆಲಸ ಒಪ್ಪಿಕೊಳ್ಳಬಾರದು ಎಂಬಂತಹ ತತ್ವಗಳನ್ನು ವೃತ್ತಿನೀತಿಯು ಎತ್ತಿ ಹಿಡಿಯುತ್ತದೆ. ಇವುಗಳನ್ನು ಉಲ್ಲಂಘಿಸಿದ ಸದಸ್ಯರ ಮೇಲೆ ಬೈಲಾ ಪ್ರಕಾರ ಕ್ರಮ ಜರುಗಿಸಬಹುದು.

ಆಡಳಿತದೊಂದಿಗೆ ಸಮಾಲೋಚನೆ: ಕಟ್ಟಡ ಉಪವಿಧಿಗಳ ಕರಡು ಪ್ರಕಟವಾದಾಗ ಸಲಹೆ ಹಾಗೂ ಆಕ್ಷೇಪಣೆ ಸಲ್ಲಿಸುವುದು, ಆನ್‌ಲೈನ್ ಅರ್ಜಿ ವ್ಯವಸ್ಥೆಯ ತೊಂದರೆಗಳನ್ನು ಅಧಿಕಾರಿಗಳ ಗಮನಕ್ಕೆ ತರುವುದು ಸಂಘದ ಕಾರ್ಯವಾಗಿದೆ. ಬೆಂಗಳೂರಿನಂತಹ ನಗರಕ್ಕೆ ಹೊಂದುವ ನಿಯಮವು 30 ಅಡಿ ಅಗಲದ ಓಣಿಯೂ ಅಪರೂಪವಾದ ಹಳೆಯ ಊರಿಗೆ ಹೊಂದದಿದ್ದಲ್ಲಿ, ಅದನ್ನು ದಾಖಲೆ ಸಹಿತ ಹೇಳಬಲ್ಲವರು ಸ್ಥಳೀಯ ಇಂಜಿನಿಯರುಗಳೇ.

ಸಾರ್ವಜನಿಕ ಮಾರ್ಗದರ್ಶನ: ಕೋರಿಕೆಯ ಮೇರೆಗೆ ಸದಸ್ಯರ ಪಟ್ಟಿ ನೀಡುವುದು, ಗವಂಡಿಗಳಿಗೆ ಮತ್ತು ಸೆಂಟ್ರಿಂಗ್ ಕೆಲಸಗಾರರಿಗೆ ತರಬೇತಿ ನೀಡುವುದು, ಅತಿವೃಷ್ಟಿಯಾದಾಗ ಶಿಥಿಲ ಮನೆಗಳ ಬಗ್ಗೆ ತಿಳಿವಳಿಕೆ ನೀಡುವುದು ಸಂಘವು ಕೈಗೊಳ್ಳಬಹುದಾದ ಸೇವೆಗಳು.

ಸಂಘವು ಮಾಡಲಾಗದ ಕಾರ್ಯಗಳೂ ಇವೆ. ಸಂಘವು ಕಟ್ಟಡ ಪರವಾನಿಗೆ ನೀಡಲಾರದು. ಪರವಾನಿಗೆ ಶುಲ್ಕ ಸ್ವೀಕರಿಸಲಾರದು. ನಿವೇಶನದ ಹಕ್ಕನ್ನು ದೃಢೀಕರಿಸಲಾರದು. ಸದಸ್ಯರ ತಪ್ಪಿನಿಂದಾದ ನಷ್ಟವನ್ನು ತಾನೇ ಭರಿಸುವ ಹೊಣೆ ಹೊರುವುದಿಲ್ಲ.

5. ಈ ತಾಲ್ಲೂಕುಗಳಲ್ಲಿ ಇಂಜಿನಿಯರ್ ಸೇವೆ ಏಕೆ ಅವಶ್ಯ

ಒಂದೇ ಜಿಲ್ಲೆಯಾದರೂ ನಾಲ್ಕು ತಾಲ್ಲೂಕುಗಳ ಭೂಗುಣ ಒಂದೇ ಅಲ್ಲ. ಬೇರೆ ಊರಿನ ನಕ್ಷೆಯ ನಕಲಿನಿಂದ ಮನೆ ಕಟ್ಟುವುದು ಇಲ್ಲಿ ವಿಶೇಷವಾಗಿ ಅಪಾಯಕಾರಿ.

ನವಲಗುಂದ, ಅಣ್ಣಿಗೇರಿ ಮತ್ತು ಕುಂದಗೋಳ ತಾಲ್ಲೂಕಿನ ಬಹುಭಾಗ ಎರೆ ಭೂಮಿ. ಎರೆ ಮಣ್ಣು ಮಳೆಗಾಲದಲ್ಲಿ ನೀರು ಹೀರಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ. ಅದರ ಮೇಲೆ ಕಡಿಮೆ ಆಳದಲ್ಲಿ ತಳಪಾಯ ಹಾಕಿದ ಗೋಡೆ ವರ್ಷದಿಂದ ವರ್ಷಕ್ಕೆ ಏರಿಳಿದು ಬಾಗಿಲು-ಕಿಟಕಿಗಳ ಮೂಲೆಯಿಂದ ಓರೆಯಾಗಿ ಬಿರುಕು ಬಿಡುತ್ತದೆ. ಬಿರುಕಿಗೆ ಸಿಮೆಂಟ್ ಮೆತ್ತುವುದರಿಂದ ಕಾರಣ ನಿವಾರಣೆಯಾಗುವುದಿಲ್ಲ.

ಮಣ್ಣು ಎಷ್ಟು ಹಿಗ್ಗುತ್ತದೆ ಎಂಬುದನ್ನು ಸರಳ ಪರೀಕ್ಷೆಯಿಂದ ತಿಳಿಯಬಹುದು. ಐಎಸ್ 2720 ಭಾಗ 40ರ ಪ್ರಕಾರ, ಒಣಗಿಸಿ ಜರಡಿ ಹಿಡಿದ 10 ಗ್ರಾಂ ಮಣ್ಣನ್ನು ಒಂದು ಗಾಜಿನ ಅಳತೆ ಜಾಡಿಯಲ್ಲಿ ಭಟ್ಟಿ ಇಳಿಸಿದ ನೀರಿನಲ್ಲಿಯೂ, ಅಷ್ಟೇ ಮಣ್ಣನ್ನು ಇನ್ನೊಂದರಲ್ಲಿ ಸೀಮೆಎಣ್ಣೆಯಲ್ಲಿಯೂ 24 ಗಂಟೆ ಇರಿಸಲಾಗುತ್ತದೆ. ಸೀಮೆಎಣ್ಣೆಯಲ್ಲಿ ಮಣ್ಣು ಹಿಗ್ಗುವುದಿಲ್ಲ. ಎರಡೂ ಜಾಡಿಗಳ ಗಾತ್ರದ ವ್ಯತ್ಯಾಸದಿಂದ ಹಿಗ್ಗುವ ಪ್ರಮಾಣ ದೊರೆಯುತ್ತದೆ. ಫಲಿತಾಂಶದ ಆಧಾರದ ಮೇಲೆ ಎರೆ ಮಣ್ಣನ್ನು ಪೂರ್ತಿ ತೆಗೆದು ಗಟ್ಟಿ ಗರಸಿನವರೆಗೆ ಹೋಗಬೇಕೆ, ಕಾಂಕ್ರೀಟ್ ಪಟ್ಟಿಗಳಿಂದ ತಳಪಾಯ ಬಿಗಿಯಬೇಕೆ ಅಥವಾ ತಳದಲ್ಲಿ ಅಗಲಗೊಳಿಸಿದ ಪೈಲ್ ಹಾಕಬೇಕೆ ಎಂಬುದನ್ನು ಇಂಜಿನಿಯರ್ ನಿರ್ಧರಿಸುತ್ತಾರೆ. ಆಳವಾದ ಎರೆ ಭೂಮಿಯಲ್ಲಿ ಇಂತಹ ಪೈಲ್ ನೆಲಮಟ್ಟದಿಂದ ಕನಿಷ್ಠ 3.5 ಮೀಟರ್ ಕೆಳಗೆ ಹೋಗಬೇಕೆಂದು ಐಎಸ್ 2911 ಭಾಗ 3 ಸೂಚಿಸುತ್ತದೆ.

ನವಲಗುಂದ ಭಾಗದಲ್ಲಿ ಕೆಲವೆಡೆ ಅಂತರ್ಜಲ ಸವಳಾಗಿರುತ್ತದೆ. ಐಎಸ್ 456:2000ರ ಪ್ರಕಾರ ಕಬ್ಬಿಣ ಬಳಸುವ ಕಾಂಕ್ರೀಟಿಗೆ ಉಪಯೋಗಿಸುವ ನೀರಿನಲ್ಲಿ ಕ್ಲೋರೈಡ್ ಪ್ರತಿ ಲೀಟರಿಗೆ 500 ಮಿಲಿಗ್ರಾಂ, ಸಲ್ಫೇಟ್ 400 ಮಿಲಿಗ್ರಾಂ ಮೀರಬಾರದು. ಸವಳು ಬೋರ್‌ವೆಲ್ ನೀರಿನಿಂದ ಕಲಸಿದ ಕಾಂಕ್ರೀಟ್ ಆರಂಭದಲ್ಲಿ ಗಟ್ಟಿಯಾಗಿ ಕಂಡರೂ ಒಳಗಿನ ಕಬ್ಬಿಣ ತುಕ್ಕು ಹಿಡಿದು ಕೆಲವು ವರ್ಷಗಳಲ್ಲಿ ಸ್ಲ್ಯಾಬಿನ ಪದರ ಕಳಚತೊಡಗುತ್ತದೆ. ನೀರಿನ ಪರೀಕ್ಷೆಗೆ ತಗಲುವ ವೆಚ್ಚ ಸ್ಲ್ಯಾಬ್ ದುರಸ್ತಿಯ ವೆಚ್ಚಕ್ಕೆ ಹೋಲಿಸಿದಲ್ಲಿ ಅತ್ಯಲ್ಪ.

ಬೆಣ್ಣಿಹಳ್ಳ ಮತ್ತು ತುಪ್ಪರಿಹಳ್ಳದ ದಂಡೆಯ ಗ್ರಾಮಗಳಲ್ಲಿ ಪ್ರವಾಹದ ಮಟ್ಟವನ್ನು ಗಮನಿಸಿ ಪ್ಲಿಂತ್ ಎತ್ತರ ನಿಗದಿಪಡಿಸತಕ್ಕದ್ದು. 2019ರ ಆಗಸ್ಟ್ ತಿಂಗಳ ಅತಿವೃಷ್ಟಿಯಲ್ಲಿ ಜಿಲ್ಲೆಯಲ್ಲಿ ಅನೇಕ ಮನೆಗಳು ಬಿದ್ದವು. ಮಣ್ಣಿನ ಗೋಡೆಯ ಮಾಳಿಗೆ ಮನೆಗಳು ನೀರು ನಿಂತಾಗ ಬೇಗ ಕುಸಿಯುತ್ತವೆ. ಕಲಘಟಗಿ ತಾಲ್ಲೂಕು ಅರೆಮಲೆನಾಡಾಗಿದ್ದು ಮಳೆ ಹೆಚ್ಚು. ಅಲ್ಲಿ ಎರೆ ಮಣ್ಣಿಗಿಂತ ಮಳೆನೀರಿನ ಹರಿವು, ಗೋಡೆಗೆ ತೇವ ಏರದಂತೆ ತಡೆಪದರ ಮತ್ತು ಛಾವಣಿಯ ಇಳಿಜಾರು ಮುಖ್ಯ ವಿಚಾರಗಳಾಗುತ್ತವೆ.

6. ಇಂಜಿನಿಯರ್ ಆಯ್ಕೆಗೆ ಮುನ್ನ ಪರಿಶೀಲಿಸಬೇಕಾದ ಅಂಶಗಳು

1) ಲೈಸೆನ್ಸ್ ಸಂಖ್ಯೆ, ಅದನ್ನು ನೀಡಿದ ಪ್ರಾಧಿಕಾರ ಮತ್ತು ಅವಧಿ ಮುಗಿಯುವ ದಿನಾಂಕ.
2) ಲೈಸೆನ್ಸಿನ ದರ್ಜೆಗೆ ಉದ್ದೇಶಿತ ಕಟ್ಟಡದ ಗಾತ್ರ ಒಳಪಡುತ್ತದೆಯೇ ಎಂಬುದು.
3) ಸಂಘದ ಸದಸ್ಯರೆಂದು ಹೇಳಿಕೊಂಡಲ್ಲಿ, ಸದಸ್ಯತ್ವ ಸಂಖ್ಯೆಯನ್ನು ಸಂಘದ ಕಚೇರಿಯಿಂದ ಖಚಿತಪಡಿಸಿಕೊಳ್ಳುವುದು.
4) ನಿವೇಶನಕ್ಕೆ ಖುದ್ದು ಭೇಟಿ ನೀಡಿದ್ದಾರೆಯೇ ಎಂಬುದು. ನಿವೇಶನ ನೋಡದೆ ತಯಾರಿಸಿದ ನಕ್ಷೆಯನ್ನು ಅರ್ಜಿದಾರರು ಒಪ್ಪತಕ್ಕದ್ದಲ್ಲ.
5) ಸೇವೆಯ ವಿವರ ಲಿಖಿತವಾಗಿರುವುದು: ಕೇವಲ ಪರವಾನಿಗೆ ನಕ್ಷೆಯೇ, ಸ್ಟ್ರಕ್ಚರಲ್ ವಿನ್ಯಾಸವೂ ಸೇರಿದೆಯೇ, ಮೇಲ್ವಿಚಾರಣೆಗೆ ಎಷ್ಟು ಭೇಟಿ ಎಂಬುದು.
6) ಇಂಜಿನಿಯರ್ ಶುಲ್ಕ ಮತ್ತು ಸ್ಥಳೀಯ ಸಂಸ್ಥೆಯ ಶುಲ್ಕಗಳನ್ನು ಪ್ರತ್ಯೇಕವಾಗಿ ಪಾವತಿಸಿ ಎರಡಕ್ಕೂ ರಸೀದಿ ಪಡೆಯುವುದು.

ಸರ್ಕಾರಿ ಸೇವೆಯಲ್ಲಿರುವ ಅಭಿಯಂತರರು ಅನುಮತಿಯಿಲ್ಲದೆ ಖಾಸಗಿ ವೃತ್ತಿ ನಡೆಸುವಂತಿಲ್ಲ. ಪರವಾನಿಗೆ ಪರಿಶೀಲಿಸುವ ಸಿಬ್ಬಂದಿಯ ಕಡೆಯಿಂದಲೇ ನಕ್ಷೆ ಬರೆಸಿಕೊಂಡರೆ ಕೆಲಸ ಬೇಗ ಆಗುತ್ತದೆ ಎಂಬ ಮಾತಿಗೆ ಅರ್ಜಿದಾರರು ಕಿವಿಗೊಡಬಾರದು.

7. ಅರ್ಜಿ ಸಲ್ಲಿಸುವ ವಿಧಾನ

ನವಲಗುಂದ ಮತ್ತು ಅಣ್ಣಿಗೇರಿ ಪುರಸಭೆ ಹಾಗೂ ಕುಂದಗೋಳ ಮತ್ತು ಕಲಘಟಗಿ ಪಟ್ಟಣ ಪಂಚಾಯಿತಿ ವ್ಯಾಪ್ತಿಯಲ್ಲಿ ಕರ್ನಾಟಕ ಪುರಸಭೆಗಳ ಅಧಿನಿಯಮ, 1964ರ ಪ್ರಕರಣ 187ರಂತೆ ಪರವಾನಿಗೆ ಪಡೆಯತಕ್ಕದ್ದು. ಗ್ರಾಮಗಳಲ್ಲಿ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಪ್ರಕರಣ 64ರಂತೆ ಗ್ರಾಮ ಪಂಚಾಯಿತಿಯ ಅನುಮತಿ ಅಗತ್ಯ.

ಸಾಮಾನ್ಯವಾಗಿ ಅಗತ್ಯವಿರುವ ದಾಖಲೆಗಳು: ನಿವೇಶನದ ಹಕ್ಕು ಪತ್ರ; ಪಟ್ಟಣದಲ್ಲಾದರೆ ಖಾತಾ ಉತಾರ, ಗ್ರಾಮದಲ್ಲಾದರೆ ಇ-ಸ್ವತ್ತು ತಂತ್ರಾಂಶದಿಂದ ಪಡೆದ ಆಸ್ತಿ ದಾಖಲೆ; ಚಾಲ್ತಿ ಸಾಲಿನ ತೆರಿಗೆ ರಸೀದಿ; ಕೃಷಿ ಜಮೀನಾಗಿದ್ದಲ್ಲಿ ಬಿನ್‌ಶೇತ್ಕಿ ಆದೇಶ; ನಿವೇಶನದ ಚೆಕ್ಕುಬಂದಿ, ರಸ್ತೆಯ ಅಗಲ ಮತ್ತು ಸುತ್ತಲೂ ಬಿಡುವ ಜಾಗ ತೋರಿಸುವ ನಕ್ಷೆ; ಇಂಜಿನಿಯರ್ ಸಹಿ ಮತ್ತು ಲೈಸೆನ್ಸ್ ವಿವರ. ಬಹುಮಹಡಿ ಕಟ್ಟಡಕ್ಕೆ ಸ್ಟ್ರಕ್ಚರಲ್ ನಕ್ಷೆಗಳೂ ಬೇಕಾಗುತ್ತವೆ. ಸಕಾಲ ಯೋಜನೆಗೆ ಒಳಪಟ್ಟ ಸೇವೆಯಾದಲ್ಲಿ ಅರ್ಜಿ ಸಲ್ಲಿಸಿದ ಕೂಡಲೇ ಸಕಾಲ ಸಂಖ್ಯೆಯುಳ್ಳ ಸ್ವೀಕೃತಿ ಪಡೆದು ಜೋಪಾನವಾಗಿರಿಸಿಕೊಳ್ಳುವುದು.

8. ಕಾಮಗಾರಿ ಹಂತದಲ್ಲಿ

ಪರವಾನಿಗೆ ದೊರೆತ ನಂತರ ಇಂಜಿನಿಯರನ್ನು ಬಿಟ್ಟು ಗವಂಡಿಯ ಅನುಭವದ ಮೇಲೆಯೇ ಕೆಲಸ ಮುಗಿಸುವ ರೂಢಿ ಗ್ರಾಮೀಣ ಭಾಗದಲ್ಲಿ ಕಂಡುಬರುತ್ತದೆ. ಗವಂಡಿಯ ಕೈಚಳಕ ಅಮೂಲ್ಯವಾದದ್ದು. ಆದರೆ ಕಬ್ಬಿಣದ ಗಾತ್ರ, ಅಂತರ ಮತ್ತು ಕಾಂಕ್ರೀಟಿನ ಮಿಶ್ರಣವನ್ನು ವಿನ್ಯಾಸದ ಪ್ರಕಾರ ಪರಿಶೀಲಿಸುವ ಹೊಣೆ ಇಂಜಿನಿಯರದ್ದು. ಕನಿಷ್ಠ ಈ ನಾಲ್ಕು ಹಂತಗಳಲ್ಲಿ ಇಂಜಿನಿಯರ್ ಸ್ಥಳದಲ್ಲಿರುವಂತೆ ನೋಡಿಕೊಳ್ಳುವುದು: ತಳಪಾಯದ ಅಗೆತ ಮುಗಿದಾಗ, ಪ್ಲಿಂತ್ ಮಟ್ಟದಲ್ಲಿ, ಕಂಬಗಳ ಕಬ್ಬಿಣ ಕಟ್ಟಿದಾಗ ಮತ್ತು ಸ್ಲ್ಯಾಬ್ ಹಾಕುವ ಮುನ್ನ.

ಐಎಸ್ 456:2000ರ ಪ್ರಕಾರ ಕಬ್ಬಿಣ ಬಳಸುವ ಕಾಂಕ್ರೀಟ್ ಎಂ 20 ದರ್ಜೆಗಿಂತ ಕಡಿಮೆ ಇರಬಾರದು. ಸಾಮಾನ್ಯ ಸಿಮೆಂಟ್ ಬಳಸಿದಲ್ಲಿ ಕನಿಷ್ಠ 7 ದಿನ, ಮಿಶ್ರ ಸಿಮೆಂಟ್ ಬಳಸಿದಲ್ಲಿ ಅಥವಾ ಒಣ ಬಿಸಿಲಿನ ಕಾಲದಲ್ಲಿ ಕನಿಷ್ಠ 10 ದಿನ ನೀರುಣಿಸಬೇಕು. ಸಾಮಾನ್ಯ ಸಿಮೆಂಟಿನ ಸ್ಲ್ಯಾಬಿನ ಕೆಳಗಿನ ಆಧಾರಗಳನ್ನು 4.5 ಮೀಟರ್‌ವರೆಗಿನ ಅಂತರಕ್ಕೆ 7 ದಿನ, ಅದಕ್ಕಿಂತ ಹೆಚ್ಚಿದ್ದಲ್ಲಿ 14 ದಿನಗಳಿಗೆ ಮೊದಲು ತೆಗೆಯಬಾರದು. ಮಿಶ್ರ ಸಿಮೆಂಟಿಗೆ ಈ ಅವಧಿ ಇನ್ನೂ ಹೆಚ್ಚಬೇಕಾಗಬಹುದು. ಬಾಡಿಗೆ ಉಳಿಸಲು ಸೆಂಟ್ರಿಂಗ್ ಬೇಗ ಬಿಚ್ಚಿಸುವುದು ಪ್ರಾಣಾಪಾಯಕ್ಕೆ ದಾರಿ.

ಮಂಜೂರಾದ ನಕ್ಷೆಗಿಂತ ಹೆಚ್ಚಿನ ಮಹಡಿ ಕಟ್ಟುವುದು ಪರವಾನಿಗೆಯ ಉಲ್ಲಂಘನೆ ಮಾತ್ರವಲ್ಲ. ಒಂದು ಮಹಡಿಗೆ ವಿನ್ಯಾಸಗೊಳಿಸಿದ ತಳಪಾಯದ ಮೇಲೆ ಎರಡನೆಯ ಮಹಡಿಯ ಭಾರ ಹೇರಿದಂತಾಗುತ್ತದೆ.

9. ದೂರು ಮತ್ತು ಪರಿಹಾರ

ಇಂಜಿನಿಯರ್ ಸೇವೆಯಲ್ಲಿ ಲೋಪ ಕಂಡುಬಂದಲ್ಲಿ ಮೊದಲು ಅವರಿಗೇ ಲಿಖಿತವಾಗಿ ತಿಳಿಸುವುದು. ಅವರು ಸಂಘದ ಸದಸ್ಯರಾಗಿದ್ದಲ್ಲಿ, ಒಪ್ಪಂದ, ರಸೀದಿ ಮತ್ತು ಛಾಯಾಚಿತ್ರಗಳೊಂದಿಗೆ ಸಂಘದ ಕಾರ್ಯದರ್ಶಿಗಳಿಗೆ ದೂರು ನೀಡಬಹುದು. ಸಂಘದ ಹಿರಿಯ ಸದಸ್ಯರು ಸ್ಥಳ ಪರಿಶೀಲಿಸಿ ಉಭಯ ಪಕ್ಷಗಳಿಗೆ ತಿಳಿಹೇಳುವುದರಿಂದ ಅನೇಕ ವಿವಾದಗಳು ನ್ಯಾಯಾಲಯದ ಮೆಟ್ಟಿಲೇರದೆ ಬಗೆಹರಿಯಬಹುದು. ಆದರೆ ಸಂಘದ ತೀರ್ಮಾನಕ್ಕೆ ನ್ಯಾಯಾಲಯದ ಆದೇಶದ ಬಲವಿರುವುದಿಲ್ಲ.

ಲೈಸೆನ್ಸಿನ ದುರುಪಯೋಗದ ದೂರನ್ನು ಅದನ್ನು ನೀಡಿದ ಪ್ರಾಧಿಕಾರಕ್ಕೆ ಸಲ್ಲಿಸತಕ್ಕದ್ದು. ನಷ್ಟ ಪರಿಹಾರಕ್ಕಾಗಿ ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಅಡಿಯಲ್ಲಿ ಜಿಲ್ಲಾ ಗ್ರಾಹಕರ ಆಯೋಗದ ಮೊರೆ ಹೋಗಬಹುದು. ಕಟ್ಟಡ ನಿರ್ಮಾಣವೂ ಸೇವೆಯ ವ್ಯಾಪ್ತಿಗೆ ಬರುತ್ತದೆಂದು ಸರ್ವೋಚ್ಚ ನ್ಯಾಯಾಲಯವು 1993ರಲ್ಲಿ ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ತೀರ್ಪು ನೀಡಿದೆ. ವ್ಯಾಜ್ಯ ಕಾರಣ ಉದ್ಭವಿಸಿದ ಎರಡು ವರ್ಷಗಳೊಳಗೆ ದೂರು ದಾಖಲಿಸಬೇಕು.

10. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಒಂದೇ ಅಂತಸ್ತಿನ ಸಣ್ಣ ಮನೆಗೂ ಮಣ್ಣಿನ ಪರೀಕ್ಷೆ ಬೇಕೆ?
ಉತ್ತರ: ಎರೆ ಭೂಮಿಯಲ್ಲಿ ಹಗುರವಾದ ಮನೆಗೇ ಹಿಗ್ಗುವ ಮಣ್ಣಿನ ಬಾಧೆ ಹೆಚ್ಚು. ಭಾರವಾದ ಕಟ್ಟಡವು ಮಣ್ಣನ್ನು ಸ್ವಲ್ಪ ಮಟ್ಟಿಗೆ ಅದುಮಿ ಹಿಡಿಯುತ್ತದೆ. ಹಗುರ ಗೋಡೆಯನ್ನು ಮಣ್ಣು ಎತ್ತುತ್ತದೆ. ಆದುದರಿಂದ ಪರೀಕ್ಷೆ ಮಾಡಿಸುವುದು ಸೂಕ್ತ.

ಪ್ರಶ್ನೆ: ವಸತಿ ಯೋಜನೆಯ ಫಲಾನುಭವಿಗಳು ಖಾಸಗಿ ಇಂಜಿನಿಯರನ್ನು ನೇಮಿಸಿಕೊಳ್ಳಬೇಕೆ?
ಉತ್ತರ: ಯೋಜನೆಯ ಮನೆಗಳ ಹಂತವಾರು ಪ್ರಗತಿಯನ್ನು ಸಂಬಂಧಿತ ಸಿಬ್ಬಂದಿ ದಾಖಲಿಸುತ್ತಾರೆ. ಆದಾಗ್ಯೂ ಈ ದಾಖಲಾತಿ ಅನುದಾನ ಬಿಡುಗಡೆಗೆ ಸಂಬಂಧಿಸಿದ್ದು. ತಳಪಾಯದ ಬಗ್ಗೆ ಸಂದೇಹವಿದ್ದಲ್ಲಿ ಅಗೆತದ ಹಂತದಲ್ಲಿಯೇ ಗ್ರಾಮ ಪಂಚಾಯಿತಿಯ ಮೂಲಕ ತಾಂತ್ರಿಕ ಸಲಹೆ ಕೋರುವುದು.

ಪ್ರಶ್ನೆ: ನಕ್ಷೆಗೆ ಸಹಿ ಮಾಡಿದ ಇಂಜಿನಿಯರ್ ಮಧ್ಯದಲ್ಲಿ ಕೆಲಸ ಬಿಟ್ಟರೆ?
ಉತ್ತರ: ಸದರಿ ಸಂಗತಿಯನ್ನು ಸ್ಥಳೀಯ ಸಂಸ್ಥೆಗೆ ಲಿಖಿತವಾಗಿ ತಿಳಿಸಿ, ಬೇರೊಬ್ಬ ಅರ್ಹ ಇಂಜಿನಿಯರನ್ನು ನೇಮಿಸಿಕೊಂಡ ನಂತರವೇ ಕಾಮಗಾರಿ ಮುಂದುವರಿಸುವುದು.

11. ಸಾರ್ವಜನಿಕರ ಗಮನಕ್ಕೆ

ಸಂಘವು ಉತ್ತಮ ಇಂಜಿನಿಯರನ್ನು ಗುರುತಿಸಲು ನೆರವಾಗಬಹುದು. ಸ್ಥಳೀಯ ಸಂಸ್ಥೆಯು ನಿಯಮಕ್ಕೆ ಅನುಗುಣವಾದ ನಕ್ಷೆಯನ್ನು ಮಂಜೂರು ಮಾಡಬಹುದು. ಮನೆಯ ಭದ್ರತೆ ಮಾತ್ರ ನಿವೇಶನದಲ್ಲಿ, ತಳಪಾಯದ ಆಳದಲ್ಲಿ ಮತ್ತು ಕಾಮಗಾರಿಯ ಮೇಲ್ವಿಚಾರಣೆಯಲ್ಲಿ ನಿರ್ಧಾರವಾಗುತ್ತದೆ. ಅರ್ಜಿದಾರರು ಇಂಜಿನಿಯರ್ ಸಹಿಯನ್ನು ಅರ್ಜಿಯ ಒಂದು ಅಡಕವೆಂದು ಪರಿಗಣಿಸದೆ, ಅವರ ಸೇವೆಯನ್ನು ಪೂರ್ಣವಾಗಿ ಪಡೆದುಕೊಳ್ಳಬೇಕೆಂದು ಕೋರಲಾಗಿದೆ. ಅರ್ಜಿ ನಮೂನೆ, ಶುಲ್ಕದ ವಿವರ ಹಾಗೂ ಲೈಸೆನ್ಸ್ ಹೊಂದಿದವರ ಮಾಹಿತಿಗಾಗಿ ಕಚೇರಿ ವೇಳೆಯಲ್ಲಿ ಪುರಸಭೆ ಅಥವಾ ಪಟ್ಟಣ ಪಂಚಾಯಿತಿಯ ಮುಖ್ಯಾಧಿಕಾರಿಗಳನ್ನು, ಗ್ರಾಮಗಳಲ್ಲಿ ಪಂಚಾಯತ್ ಅಭಿವೃದ್ಧಿ ಅಧಿಕಾರಿಗಳನ್ನು ಸಂಪರ್ಕಿಸಬಹುದು.